ಕಾಳುಮೆಣಸಿನ ಬಳ್ಳಿ ತುಂಡಿಗೆ ಬೇರು ಬರಿಸೋದು ಹೇಗೆ: ಒಳಗೆ ನಡಿಯುವ ಹಾರ್ಮೋನ್ ಲೆಕ್ಕ ಸಮೇತ ಸಮಗ್ರ ಮಾರ್ಗದರ್ಶಿ

ಬೇಸಗೆ ಸುರು ಆಯ್ತು ಅಂದ್ರೆ ನಮ್ಮ ಕಾಸರಗೋಡು ಕಡೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಕುಂಬ್ಳೆ ಎಲ್ಲಿ ಹೋದ್ರೂ ತೋಟದವರದ್ದು ಒಂದೇ ಪ್ರಶ್ನೆ, ಮೆಣಸಿನ ಬಳ್ಳಿಗೆ ಬೇರು ಬರ್ಲಿಕ್ಕೆ ಯಾವ ಹುಡಿ ಒಳ್ಳೇದು ಅಂತ. ನನ್ನ ಉತ್ತರ ಹೆಚ್ಚಿನವರಿಗೆ ಇಷ್ಟ ಆಗುದಿಲ್ಲ, ಯಾಕಂದ್ರೆ ಹುಡಿ ಇದ್ರಲ್ಲಿ ಕೊನೆಗೆ ನೋಡುವ ಸಂಗತಿ. ಬೇರು ಬರಿಸುವ ಔಷಧಿ ಬಳ್ಳಿಯೇ ತಯಾರು ಮಾಡ್ಕೊಳ್ತದೆ, ಅದು ಜಾಸ್ತಿ ಇರುವ ಬಳ್ಳಿಯನ್ನ ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿ ಕತ್ತರಿಸಿ ಆಮೇಲೆ ಅದರ ಕೆಲಸಕ್ಕೆ ಅಡ್ಡ ಬರದೆ ಇರುದು ನಮ್ಮ ಪಾಲಿನ ಕೆಲಸ. ಅಂಗಡಿ ಹುಡಿ ಬೇಕಾಗುದು ಬಳ್ಳಿಯ ಸ್ವಂತ ಸರಕು ಸಾಕಾಗದ ಕಡೆ ಮಾತ್ರ. ಹಾಗಾಗಿ ಮೊದಲು ಒಳಗೆ ಎಂತ ನಡೀತದೆ ಅಂತ ಸ್ವಲ್ಪ ನೋಡುವ, ಅದು ಗೊತ್ತಾದ್ರೆ ಮುಂದಿನ ಹಂತಗಳನ್ನ ಬಾಯಿಪಾಠ ಮಾಡ್ಬೇಕು ಅಂತ ಇಲ್ಲ.

ಒಳಗಿನ ಕತೆ

ಈ ಔಷಧಿಯ ಹೆಸರು ಆಕ್ಸಿನ್. ಚಾರ್ಲ್ಸ್ ಡಾರ್ವಿನ್ ಮತ್ತೆ ಅವನ ಮಗ ಫ್ರಾನ್ಸಿಸ್ ಸೇರಿ ಹುಲ್ಲಿನ ಮೊಳಕೆ ಬೆಳಕಿನ ಕಡೆಗೆ ಬಾಗುದನ್ನ ಪರೀಕ್ಷೆ ಮಾಡಿ, ಬೆಳಕನ್ನ ಗುರುತಿಸುದು ಕೊಡಿ (ತುದಿ), ಬಾಗುದು ಅದರ ಕೆಳಗಿನ ಭಾಗ, ಅಂದ್ರೆ ಕೊಡಿಯಿಂದ ಕೆಳಗೆ ಎಂತದೋ ಒಂದು ಸುದ್ದಿ ಹೋಗ್ತದೆ ಅಂತ 1880ರಲ್ಲೇ ಹೇಳಿದ್ರು. ಆ ಸುದ್ದಿ ಒಂದು ರಾಸಾಯನಿಕ ಅಂತ ನೆದರ್ಲೆಂಡ್ಸಿನ ಫ್ರಿಟ್ಸ್ ವೆಂಟ್ 1926ರಿಂದ 1928ರ ಒಳಗೆ ತೋರಿಸಿಕೊಟ್ಟ, ಓಟ್ಸ್ ಮೊಳಕೆಯ ಕೊಡಿ ಕತ್ತರಿಸಿ ಜೆಲ್ಲಿ ಹಾಗಿನ ಅಗರ್ ತುಂಡಿನ ಮೇಲೆ ಇಟ್ಟು, ಆಮೇಲೆ ಬರೀ ಆ ಅಗರ್ ತುಂಡನ್ನೇ ಮೊಳಕೆಯ ಒಂದು ಬದಿಗೆ ಇಟ್ರೂ ಮೊಳಕೆ ಬಾಗಿತು. 1934ರಲ್ಲಿ ಅಲ್ಲಿಯೇ ಕೋಗ್ಲ್ ಅಂಬವರ ತಂಡ ಅದನ್ನ ಶುದ್ಧ ರೂಪದಲ್ಲಿ ತೆಗೆದದ್ದು ಎಲ್ಲಿಂದ ಗೊತ್ತುಂಟಾ, ಮನುಷ್ಯರ ಮೂತ್ರದಿಂದ! ಅದೇ ಇಂಡೋಲ್ ಅಸಿಟಿಕ್ ಆಸಿಡ್, ಚಿಕ್ಕದಾಗಿ ಐಎಎ. ಇದನ್ನ ಓದಿದ ಕೂಡ್ಲೆ ಹಾಗಾದ್ರೆ ಗೋಮೂತ್ರದಲ್ಲಿ ಅದ್ದಿದ್ರೆ ಸಾಕಲ್ಲ ಅಂತ ಯಾರಾದ್ರೂ ಕೇಳಿಯೇ ಕೇಳ್ತಾರೆ, ಅದಕ್ಕೆ ಮುಂದೆ ಬರ್ತೇನೆ.

ಆಕ್ಸಿನ್ ಹೆಚ್ಚಾಗಿ ತಯಾರಾಗುದು ಕೊಡಿಯಲ್ಲಿ ಮತ್ತೆ ಎಳೆ ಎಲೆಗಳಲ್ಲಿ. ಅಲ್ಲಿಂದ ಕಾಂಡದ ಒಳಗೆ ಒಂದು ಜೀವಕೋಶದಿಂದ ಇನ್ನೊಂದಕ್ಕೆ ದಾಟ್ತಾ ಗಂಟೆಗೆ ಸುಮಾರು 1 ಸೆಂಟಿಮೀಟರ್ ಲೆಕ್ಕದಲ್ಲಿ ಕೆಳಗೆ ಇಳೀತದೆ. ದಾಟಿಸುವ ಕೆಲಸ ಪಿನ್ ಅನ್ನುವ ಪ್ರೋಟೀನುಗಳದ್ದು, ಕಾಂಡದಲ್ಲಿ ಈ ಪ್ರೋಟೀನುಗಳು ಕೋಶದ ಬುಡದ ಬದಿಯಲ್ಲೇ ಕೂತಿರ್ತವೆ, ಹಾಗಾಗಿ ದಿಕ್ಕು ಯಾವಾಗ್ಲೂ ಕೊಡಿಯಿಂದ ಬುಡಕ್ಕೆ. ತುಂಡನ್ನ ತಲೆಕೆಳಗೆ ಊರಿದ್ರೂ ಆ ದಿಕ್ಕು ಬದಲಾಗುದಿಲ್ಲ, ಅದಕ್ಕೇ ತಲೆಕೆಳಗಾದ ತುಂಡು ಮಣ್ಣಿನ ಒಳಗೆ ಬೇರು ಬಿಡ್ಲಿಕ್ಕೆ ಅಷ್ಟು ಕಷ್ಟಪಡುದು. ಈಗ ಕಾಂಡವನ್ನ ಕತ್ತರಿಸಿದ್ರೆ ಎಂತ ಆಗ್ತದೆ? ಏತಡ್ಕ ಕಡೆ ಮಳೆಗಾಲ ಮುಗಿದ ಮೇಲೆ ತೋಡಿಗೆ ಕಟ್ಟ ಕಟ್ಟುದು ನೋಡಿರಬಹುದು, ಹರಿಯುವ ನೀರು ಕಟ್ಟದ ಹತ್ರ ಬಂದು ತುಂಬ್ತದಲ್ಲ, ಹಾಗೆಯೇ ಮೇಲಿನಿಂದ ಇಳಿದ ಆಕ್ಸಿನ್ ಕತ್ತರಿಸಿದ ಬುಡದಲ್ಲಿ ಬಂದು ಸೇರ್ತದೆ.

ಗಾಯವೂ ಒಂದು ಸುದ್ದಿಯೇ. ಕತ್ತಿ ತಾಗಿದ ಸ್ವಲ್ಪ ಹೊತ್ತಿನಲ್ಲೇ ಜಾಸ್ಮೋನೇಟ್ ಅನ್ನುವ ರಾಸಾಯನಿಕ ಏರ್ತದೆ, ಅದು ಆಕ್ಸಿನ್ ಉತ್ಪಾದನೆಗೆ ಕುಮ್ಮಕ್ಕು ಕೊಡ್ತದೆ, ಆದ್ರೆ ಕೆಲವು ಗಂಟೆ ಆದ ಮೇಲೆ ಅದು ಇಳಿಯಲೇ ಬೇಕು, ಇಳಿಯದಿದ್ರೆ ಅದೇ ಬೇರಿಗೆ ಅಡ್ಡ. ಆಮೇಲೆ ಆಕ್ಸಿನ್ ಕೋಶದ ಒಳಗೆ ಟಿಐಆರ್1 ಅನ್ನುವ ಪ್ರೋಟೀನಿಗೆ ಅಂಟ್ತದೆ, ಇದೇ ಆಕ್ಸಿನಿನ ಗ್ರಾಹಕ ಅಂತ ಖಚಿತ ಆದದ್ದು ತೀರ ಹಳೆ ಸಂಗತಿ ಅಲ್ಲ, 2005ರಲ್ಲಿ. ಅಂಟಿದ ಮೇಲೆ ಬೇರಿನ ಜೀನುಗಳನ್ನ ಅದುಮಿ ಹಿಡಿದಿದ್ದ ಕೆಲವು ಪ್ರೋಟೀನುಗಳು ನಾಶ ಆಗ್ತವೆ, ಜೀನುಗಳು ಕೆಲಸ ಸುರು ಮಾಡ್ತವೆ, ನಾಳಗಳ ಹತ್ರ ಇರುವ ಕೆಲವು ಕೋಶಗಳು ನಾವು ಇನ್ನು ಕಾಂಡ ಅಲ್ಲ ಬೇರು ಅಂತ ತೀರ್ಮಾನ ಮಾಡಿ ಒಡೆದು ಒಡೆದು ಬೇರಿನ ಮೊಗ್ಗು ಆಗ್ತವೆ. ಅರಬಿಡಾಪ್ಸಿಸ್ ಅನ್ನುವ ಸಣ್ಣ ಗಿಡದಲ್ಲಿ ಇದರ ಒಂದೊಂದು ಮೆಟ್ಟಿಲನ್ನೂ ಗುರುತಿಸಿದ್ದಾರೆ.

ಇನ್ನೊಂದು ಪಾತ್ರ ಸೈಟೊಕೈನಿನ್. ಇದು ಜಾಸ್ತಿ ತಯಾರಾಗುದು ಬೇರಲ್ಲಿ, ಇದರ ಕೆಲಸ ಚಿಗುರು ಬರಿಸುದು. ಸ್ಕೂಗ್ ಮತ್ತೆ ಮಿಲ್ಲರ್ 1957ರಲ್ಲಿ ಹೊಗೆಸೊಪ್ಪಿನ ಅಂಗಾಂಶದಲ್ಲಿ ತೋರಿಸಿದ್ದು ಇಷ್ಟೇ, ಆಕ್ಸಿನ್ ಜಾಸ್ತಿ ಸೈಟೊಕೈನಿನ್ ಕಮ್ಮಿ ಆದ್ರೆ ಬೇರು, ಉಲ್ಟಾ ಆದ್ರೆ ಚಿಗುರು, ಎರಡೂ ಹದದಲ್ಲಿದ್ರೆ ಬರೀ ಗಡ್ಡೆ ಹಾಗಿನ ಕ್ಯಾಲಸ್. ತಾಯಿ ಬಳ್ಳಿಯಿಂದ ತುಂಡನ್ನ ಬೇರೆ ಮಾಡಿದಾಗ ಬೇರಿಂದ ಬರುವ ಸೈಟೊಕೈನಿನ್ ನಿಲ್ತದೆ, ಬುಡದಲ್ಲಿ ಆಕ್ಸಿನ್ ಏರ್ತದೆ, ಲೆಕ್ಕ ತನ್ನಿಂದ ತಾನೇ ಬೇರಿನ ಕಡೆ ವಾಲ್ತದೆ. ನಾವು ಎಂತದೂ ಹಚ್ಚದೆ ಇದ್ರೂ!

ಹಂತ 1: ಬಳ್ಳಿ ಆರಿಸುದು, ಅರ್ಧ ಕೆಲಸ ಇಲ್ಲಿಯೇ ಮುಗೀತದೆ

ಮೆಣಸಿನಲ್ಲಿ ಮೂರು ನಮೂನೆ ಬಳ್ಳಿ ಉಂಟು. ಮರಕ್ಕೆ ಹತ್ತುವ ಬಳ್ಳಿ, ಬುಡದಿಂದ ಹೊರಟು ನೆಲದಲ್ಲಿ ಹರಿಯುವ ಹಬ್ಬುಬಳ್ಳಿ, ಮತ್ತೆ ಅಡ್ಡಕ್ಕೆ ಚಾಚಿ ಕರೆ (ಕಾಳಿನ ಗೊನೆ) ಬಿಡುವ ಅಡ್ಡಗೆಲ್ಲು. ಮರಕ್ಕೆ ಹತ್ತಿಸ್ಲಿಕ್ಕೆ ಗಿಡ ಬೇಕಾದ್ರೆ ಹಬ್ಬುಬಳ್ಳಿಯೇ ಸರಿ. ಅದರ ಗಂಟುಗಳಲ್ಲಿ ಬೇರಿನ ಮೊಗ್ಗು ಮೊದಲೇ ತಯಾರಾಗಿ ಕೂತಿರ್ತದೆ, ನೆಲ ತಾಗಿದ್ರೆ ಅಲ್ಲಿಯೇ ಬೇರು ಬಿಟ್ಟೂ ಬಿಡ್ತದೆ, ಅದಕ್ಕೇ ಅದನ್ನ ಹಾಗೆ ನೆಲದಲ್ಲಿ ಬಿಡ್ಲಿಕ್ಕಿಲ್ಲ. ತಾಯಿ ಬಳ್ಳಿಯ ಬುಡದಲ್ಲಿ ಒಂದು ಗೂಟ ಊರಿ ಹಬ್ಬುಬಳ್ಳಿಯನ್ನ ಅದಕ್ಕೆ ಸುತ್ತಿ ಇಡಿ, ಫೆಬ್ರವರಿ ಮಾರ್ಚಿಗೆ ಕತ್ತರಿಸಿ.

ತಾಯಿ ಬಳ್ಳಿ 5ರಿಂದ 12 ವರ್ಷ ಪ್ರಾಯದ್ದು, ವರ್ಷ ವರ್ಷ ಒಳ್ಳೆ ಫಸಲು ಕೊಡುವಂಥದ್ದು, ಸೊರಗು ರೋಗದ ಸುದ್ದಿಯೇ ಇಲ್ಲದ ತೋಟದ್ದು ಆಗಿರ್ಬೇಕು. ತಳಿ ಪಣಿಯೂರು-1 ಆಗ್ಲಿ ಕರಿಮುಂಡ ಆಗ್ಲಿ ವಿಧಾನ ಒಂದೇ. ಪಣಿಯೂರು-1 ಅಂದ್ರೆ ನಮ್ಮ ಪಕ್ಕದ ಕಣ್ಣೂರು ಜಿಲ್ಲೆಯ ಸಂಶೋಧನಾ ಕೇಂದ್ರದಲ್ಲಿ ಆದ ಮೆಣಸಿನ ಮೊದಲ ಹೈಬ್ರಿಡ್ ತಳಿ, ಅದಕ್ಕೆ ಬಿಸಿಲು ಸ್ವಲ್ಪ ಜಾಸ್ತಿ ಬೇಕು, ದಟ್ಟ ನೆರಳಿನ ಅಡಿಕೆ ತೋಟದಲ್ಲಿ ಅದು ಕೊಡುದು ಕಮ್ಮಿ, ಇದು ಬೇರಿಗೆ ಸಂಬಂಧ ಇಲ್ಲದ ಮಾತು ಆದ್ರೂ ಗಿಡ ಮಾಡುವ ಮೊದಲು ನೆನಪಿರ್ಲಿ.

ಕತ್ತರಿಸಿದ ಬಳ್ಳಿಯನ್ನ ಮೂರು ಪಾಲು ಮಾಡಿ ನಡುವಿನದ್ದು ಮಾತ್ರ ಇಟ್ಕೊಳ್ಳಿ. ಕೊಡಿಯ ಪಾಲಿನಲ್ಲಿ ಆಕ್ಸಿನ್ ಧಾರಾಳ, ಆದ್ರೆ ಅದು ಎಳತ್ತು, ಒಳಗೆ ಆಹಾರ ಸಂಗ್ರಹ ಇಲ್ಲ, ಬೇರು ಬರುವ ಮೊದಲೇ ಕೊಳೀತದೆ. ಬುಡದ ಪಾಲು ಗಟ್ಟಿ ಬಲಿತದ್ದು, ಅದರ ಕೋಶಗಳು ಆಕ್ಸಿನ್ ಬಂದ್ರೂ ಬೇಗ ಮಾತು ಕೇಳುದಿಲ್ಲ. ಮರಕ್ಕೆ ಹತ್ತಿಸುವ ಗಿಡಕ್ಕೆ ಕರೆ ಬಿಟ್ಟಿರುವ ಗೆಲ್ಲಿನಿಂದ ತುಂಡು ತೆಗಿಬೇಡಿ, ಹೂ ಕಾಯಿಯ ಕಡೆ ತಿರುಗಿದ ಗೆಲ್ಲು ಬೇರಿಗೆ ಸೋಮಾರಿ. ಬಳ್ಳಿ ದಷ್ಟಪುಷ್ಟ ಆಗ್ಲಿ ಅಂತ ಕತ್ತರಿಸುವ ಮೊದಲು ಯೂರಿಯ ಸುರಿಯುದೂ ಬೇಡ, ಬೇರು ಕಟ್ಲಿಕ್ಕೆ ಬೇಕಾದ್ದು ಒಳಗೆ ಕೂಡಿಟ್ಟ ಸಕ್ಕರೆ ಮತ್ತೆ ಪಿಷ್ಟ, ಯೂರಿಯ ಕೊಟ್ರೆ ಅದೆಲ್ಲ ಚಿಗುರಿಗೆ ಖರ್ಚಾಗಿ ಹೋಗ್ತದೆ.

ಹಂತ 2: ಕತ್ತರಿಸುದು

ಬೆಳಿಗ್ಗೆ ಬಿಸಿಲು ಏರುವ ಮೊದಲು, ಹರಿತವಾದ ಕತ್ತರಿಯಲ್ಲಿ. ಒಂದು ತುಂಡಿಗೆ 2ರಿಂದ 3 ಗಂಟು ಸಾಕು. ಕೆಳಗಿನ ಗಂಟಿನಿಂದ ಒಂದು ಬೆರಳಗಲ ಕೆಳಗೆ ಕತ್ತರಿಸಿ, ಗಂಟನ್ನೇ ಸೀಳ್ಬೇಡಿ, ಬೇರು ಬರುದೇ ಗಂಟಿಂದ. ಓರೆಯಾಗಿ ಕತ್ತರಿಸ್ಬೇಕೋ ನೇರವೋ ಅಂತ ಜಗಳ ಮಾಡುವವರು ಇದ್ದಾರೆ, ನನ್ನ ಮಟ್ಟಿಗೆ ಓರೆ ಕತ್ತರಿಸುದರ ದೊಡ್ಡ ಲಾಭ ಅಂದ್ರೆ ಬುಡ ಯಾವುದು ಕೊಡಿ ಯಾವುದು ಅಂತ ತಪ್ಪಿ ಹೋಗುದಿಲ್ಲ. ಮೊಂಡು ಕತ್ತಿಯಲ್ಲಿ ಜಜ್ಜಿದ್ರೆ ಮಾತ್ರ ನಷ್ಟ ಗ್ಯಾರಂಟಿ, ಜಜ್ಜಿದ ಜಾಗ ಕಪ್ಪಾಗಿ ಶಿಲೀಂಧ್ರಕ್ಕೆ ಬಾಗಿಲು ತೆರೀತದೆ.

ಎಲೆ ವಿಷಯದಲ್ಲಿ ಸ್ವಲ್ಪ ಲೆಕ್ಕಾಚಾರ ಉಂಟು. ಎಲೆ ಇದ್ರೆ ಆಕ್ಸಿನೂ ಸಕ್ಕರೆಯೂ ಬರ್ತದೆ, ಆದ್ರೆ ಬೇರಿಲ್ಲದ ತುಂಡಿನಿಂದ ನೀರು ಆವಿಯಾಗಿ ಹೋಗುದೂ ಎಲೆಯಿಂದಲೇ. ಹಬ್ಬುಬಳ್ಳಿಯಲ್ಲಿ ಹೇಗೂ ಬೇರಿನ ಮೊಗ್ಗು ರೆಡಿ ಇರ್ತದೆ, ಹಾಗಾಗಿ ಎಲೆ ಕತ್ತರಿಸಿ ತೊಟ್ಟು ಮಾತ್ರ ಬಿಟ್ರೆ ಸಾಕು, ತೊಟ್ಟು ಆಮೇಲೆ ತಾನೇ ಉದುರ್ತದೆ. ಕುಂಡದ ಪೊದೆ ಮೆಣಸಿಗೆ (ಅದು ಕೊನೆಗೆ ಬರ್ತದೆ) ತೆಗೆಯುವ ಅಡ್ಡಗೆಲ್ಲಿನ ತುಂಡಿಗೆ ಮೇಲಿನ ಒಂದು ಎಲೆ ಬಿಡಿ, ಅದಕ್ಕೆ ಆ ಎಲೆಯ ಸಹಾಯ ಬೇಕು, ಎಲೆ ತುಂಬ ದೊಡ್ಡದಾದ್ರೆ ಅರ್ಧ ಕತ್ತರಿಸಿ.

ಹಂತ 3: ಹಾರ್ಮೋನ್, ಬೇಕಾದ್ರೆ

ಅಂಗಡಿಯಲ್ಲಿ ಸಿಗುದು ಐಎಎ ಅಲ್ಲ, ಹೆಚ್ಚಾಗಿ ಐಬಿಎ, ಅಂದ್ರೆ ಇಂಡೋಲ್ ಬ್ಯುಟಿರಿಕ್ ಆಸಿಡ್. ಯಾಕಂದ್ರೆ ಐಎಎ ಬೆಳಕಿಗೆ ಬೇಗ ಹಾಳಾಗ್ತದೆ, ಗಿಡದ ಒಳಗಿನ ಕಿಣ್ವಗಳೂ ಅದನ್ನ ಬೇಗ ಮುರೀತವೆ. ಐಬಿಎ ಗಟ್ಟಿಗ, ನಿಧಾನಕ್ಕೆ ಕೋಶದ ಒಳಗೆ ಐಎಎ ಆಗಿ ಬದಲಾಗ್ತಾ ಕೆಲಸ ಮಾಡ್ತದೆ. ಇದು ಬೇರು ಬರಿಸ್ತದೆ ಅಂತ ಅಮೆರಿಕದಲ್ಲಿ ಜಿಮ್ಮರ್‌ಮನ್ ಮತ್ತೆ ವಿಲ್ಕಾಕ್ಸನ್ ತೋರಿಸಿದ್ದು 1935ರಲ್ಲಿ, ಇಷ್ಟು ವರ್ಷ ಆದ್ರೂ ನರ್ಸರಿಯವರ ಕೈಯಲ್ಲಿ ಅದೇ ಇರುದು.

ಮೆಣಸಿಗೆ ಶಿಫಾರಸು 1000 ಪಿಪಿಎಮ್, 45 ಸೆಕೆಂಡ್ ಅದ್ದಿ ತೆಗೆಯುದು. 1000 ಪಿಪಿಎಮ್ ಅಂದ್ರೆ 1 ಲೀಟರಿಗೆ 1 ಗ್ರಾಮ್. ಐಬಿಎ ನೇರ ನೀರಲ್ಲಿ ಕರಗುದಿಲ್ಲ, ಮೊದಲು ಸ್ವಲ್ಪ ಸ್ಪಿರಿಟ್‌ನಲ್ಲಿ ಕರಗಿಸಿ ಆಮೇಲೆ ನಿಧಾನ ನೀರು ಸೇರಿಸ್ಬೇಕು. ಮನೆಯ ತಕ್ಕಡಿಯಲ್ಲಿ 1 ಗ್ರಾಮ್ ನಂಬಿ ತೂಗ್ಲಿಕ್ಕೆ ಆಗುದಿಲ್ಲ, ಹಾಗಾಗಿ ಹತ್ತಿಪ್ಪತ್ತು ತೊಟ್ಟೆ (ಪ್ಲಾಸ್ಟಿಕ್ ಚೀಲ) ಮಾಡುವವರಿಗೆ ಟಾಲ್ಕ್‌ನಲ್ಲಿ ಬೆರೆಸಿದ ರೆಡಿ ಹುಡಿಯೇ ಸುಲಭ. ತುಂಡಿನ ಬುಡವನ್ನ ಒದ್ದೆ ಮಾಡಿ, ಹುಡಿಗೆ ಮುಟ್ಟಿಸಿ, ತಟ್ಟಿ ಹೆಚ್ಚಿನದ್ದನ್ನ ಉದುರಿಸಿ. ಪ್ಯಾಕೆಟ್ ಒಳಗೆ ಅದ್ದಬೇಡಿ, ಬೇಕಾದಷ್ಟು ಒಂದು ಕಾಗದಕ್ಕೆ ಹಾಕ್ಕೊಳ್ಳಿ, ಉಳಿದದ್ದನ್ನ ಬಾಯಿ ಕಟ್ಟಿ ಫ್ರಿಜ್ಜಿನಲ್ಲಿ ಕತ್ತಲೆಯಲ್ಲಿ ಇಡಿ. ಎರಡು ಮೂರು ಬೇಸಗೆ ಕಿಟಕಿ ಮೇಲೆ ಕೂತ ಹುಡಿಯಲ್ಲಿ ಟಾಲ್ಕಂ ಪೌಡರ್ ಬಿಟ್ರೆ ನಂಬುವಂಥದ್ದು ಎಂತ ಉಳಿದಿರ್ತದೆ?

ಜಾಸ್ತಿ ಹಾಕಿದ್ರೆ ಜಾಸ್ತಿ ಬೇರು ಅನ್ನುವ ಲೆಕ್ಕ ಇಲ್ಲಿ ನಡಿಯುದಿಲ್ಲ ಮಾರಾಯ್ರೆ. ಆಕ್ಸಿನ್ ಅತಿಯಾದ್ರೆ ಗಿಡ ಎಥಿಲೀನ್ ಅನ್ನುವ ಅನಿಲ ಬಿಡ್ತದೆ, ಬುಡ ಉಬ್ಬಿ ಕಪ್ಪಾಗ್ತದೆ, ಬಂದ ಬೇರೂ ಮೊಂಡಾಗಿ ಉದ್ದ ಬರುದಿಲ್ಲ. ಕಳೆನಾಶಕ 2,4-ಡಿ ಇದೇ ಆಕ್ಸಿನ್ ಕುಟುಂಬದ್ದು, ಅಗಲ ಎಲೆಯ ಕಳೆಗಳು ಅದರಿಂದ ಸಾಯುದು ಆಕ್ಸಿನ್ ಅತಿಯಾಗಿಯೇ. ಹಾಗಾಗಿ ಆ ಕಳೆನಾಶಕ ಹೊಡೆದ ಪಂಪನ್ನ ಮೆಣಸಿನ ನರ್ಸರಿಯ ಹತ್ರವೂ ತರ್ಬೇಡಿ, ತೊಳೆದಿದ್ದೇವೆ ಅಂತ ಹೇಳಿದ್ರೂ ಬೇಡ.

ಈಗ ಮನೆಮದ್ದುಗಳಿಗೆ ಬರುವ. ಗೋಮೂತ್ರದಲ್ಲಿ ಎಷ್ಟು ಆಕ್ಸಿನ್ ಉಂಟು ಅನ್ನುದು ದಿನದಿಂದ ದಿನಕ್ಕೆ ಬೇರೆ, ಜೊತೆಗೆ ಯೂರಿಯ ಉಪ್ಪು ಎಲ್ಲ ಉಂಟು, ನೀರು ಹಾಕದೆ ಹಾಗೆ ಅದ್ದಿದ್ರೆ ಗಾಯ ಸುಡ್ತದೆ. ಗೊಬ್ಬರಕ್ಕೆ ಇಟ್ಕೊಳ್ಳಿ, ಇದಕ್ಕೆ ಬೇಡ. ತೆಂಗಿನಕಾಯಿ ನೀರಲ್ಲಿ ಅದ್ದುವವರು ಸುಮಾರು ಜನ ಉಂಟು, ಅದರಲ್ಲಿ ಆಕ್ಸಿನೂ ಉಂಟು ಸೈಟೊಕೈನಿನೂ ಉಂಟು, 1941ರಲ್ಲೇ ಭ್ರೂಣ ಬೆಳೆಸ್ಲಿಕ್ಕೆ ವಾನ್ ಓವರ್‌ಬೀಕ್ ತಂಡ ಬಳಸಿದ್ದು ಅದನ್ನೇ. ಆದ್ರೆ ಒಂದು ಬೇರಿಗೆ ಎಳೆದ್ರೆ ಇನ್ನೊಂದು ಚಿಗುರಿಗೆ ಎಳೀತದೆ, ಮೇಲಿಂದ ಸಕ್ಕರೆ ಇರುದ್ರಿಂದ ಶಿಲೀಂಧ್ರವೂ ಖುಷಿಯಲ್ಲಿ ಬೆಳೀತದೆ. ಹಾಕಲೇ ಬೇಕು ಅಂತ ಇದ್ರೆ ಆಗ ಒಡೆದ ಕಾಯಿಯದ್ದು ಸ್ವಲ್ಪ ಹೊತ್ತು ಮಾತ್ರ, ಹುಳಿ ಬಂದದ್ದು ಬೇಡವೇ ಬೇಡ. ಜೇನು, ಚಕ್ಕೆ ಹುಡಿ, ಅರಸಿನ ಇದೆಲ್ಲ ಗಾಯ ಕೊಳೆಯದ ಹಾಗೆ ಸ್ವಲ್ಪ ನೋಡಿಕೊಳ್ಳಬಹುದು, ಬೇರಿನ ಹಾರ್ಮೋನ್ ಅಲ್ಲ. ಒಳ್ಳೆ ಹಬ್ಬುಬಳ್ಳಿ ಆದ್ರೆ ಇದ್ಯಾವುದೂ ಇಲ್ಲದೆಯೂ ಬೇರು ಬರ್ತದೆ, ಹುಡಿ ಹಚ್ಚಿದ್ರೆ ಬೇರಿನ ಸಂಖ್ಯೆ ಜಾಸ್ತಿ, ಎಲ್ಲ ತುಂಡಿಗೂ ಒಂದೇ ಸಮ ಬರ್ತದೆ, ಅಷ್ಟು ಲಾಭ.

ಹಂತ 4: ಮಣ್ಣು, ತೊಟ್ಟೆ, ನೆರಳು

ಎರಡು ಪಾಲು ಮಣ್ಣು, ಒಂದು ಪಾಲು ಹೊಯಿಗೆ (ಮರಳು), ಒಂದು ಪಾಲು ಚೆನ್ನಾಗಿ ಹುಡಿಯಾದ ಹಟ್ಟಿಗೊಬ್ಬರ. ನಮ್ಮ ಮುರಮಣ್ಣು ಬರೀ ಹಾಕಿದ್ರೆ ಒಣಗಿದಾಗ ಕಲ್ಲಾಗ್ತದೆ, ಹೊಯಿಗೆ ಸಾಕಷ್ಟು ಇರ್ಲಿ. ಬೇರಿನ ಮೊಗ್ಗಿಗೆ ನೀರಿನಷ್ಟೇ ಗಾಳಿಯೂ ಬೇಕು, ಉಸಿರಾಡದೆ ಕೋಶ ಒಡೆಯುದಿಲ್ಲ, ತೊಟ್ಟೆಗೆ ನಾಲ್ಕು ತೂತು ಮಾಡುದು ಅದಕ್ಕೇ. ಹಿಂದಿನವರ ಸುಡುಮಣ್ಣು ಒಳ್ಳೇದೇ, ಬೆಂಕಿಗೆ ರೋಗಾಣು ಸಾಯ್ತದೆ. ಜಾಸ್ತಿ ಮಣ್ಣು ಬೇಕಾದವರು ಒದ್ದೆ ಮಣ್ಣನ್ನ ಅಂಗಳದಲ್ಲಿ ಹರಡಿ ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಿ ಬೇಸಗೆ ಬಿಸಿಲಿಗೆ ಒಂದೂವರೆ ತಿಂಗಳು ಬಿಡಿ. ಇದನ್ನ ಅಸಡ್ಡೆ ಮಾಡ್ಬೇಡಿ, ಸೊರಗು ರೋಗ ತರುವ ಫೈಟೊಫ್ತೊರಾ ಅನ್ನುವ ರೋಗಾಣು ಒಂದು ತೊಟ್ಟೆಯಲ್ಲಿ ನರ್ಸರಿಗೆ ಬಂದ್ರೆ ಗಿಡದ ಜೊತೆ ಇಡೀ ತೋಟಕ್ಕೆ ಹೋಗ್ತದೆ. ಆಮೇಲೆ ಟ್ರೈಕೊಡರ್ಮ (ರೋಗಾಣು ತಡೆಯುವ ಶಿಲೀಂಧ್ರ), ಅಜೋಸ್ಪಿರಿಲಮ್ ಬೆರೆಸಿ, ಕೃಷಿ ಭವನದಲ್ಲಿ ವಿಚಾರಿಸಿ. ಅಜೋಸ್ಪಿರಿಲಮ್ ಬ್ಯಾಕ್ಟೀರಿಯ ಸ್ವತಃ ಐಎಎ ತಯಾರು ಮಾಡ್ತದೆ, ಬೇರಿನ ಕವಲು ಜಾಸ್ತಿ ಆಗುದರಲ್ಲಿ ಅದರ ಪಾಲೂ ಉಂಟು. ಟ್ರೈಕೊಡರ್ಮ ಹಾಕಿದ ಮಣ್ಣಿಗೆ ಬೋರ್ಡೋ (ಮೈಲುತುತ್ತು ಸುಣ್ಣದ ದ್ರಾವಣ) ಸುರಿಯಬೇಡಿ, ತಾಮ್ರಕ್ಕೆ ಅದೂ ಸಾಯ್ತದೆ.

ಒಂದು ತೊಟ್ಟೆಗೆ 2 ಅಥವಾ 3 ತುಂಡು, ಕಮ್ಮಿ ಅಂದ್ರೂ ಒಂದು ಗಂಟು ಮಣ್ಣಿನ ಒಳಗೆ ಹೋಗ್ಬೇಕು. ಮೊದಲು ಕೋಲಲ್ಲಿ ಗುಂಡಿ ಮಾಡಿ ಆಮೇಲೆ ಊರಿ, ಹಾಗೆಯೇ ಚುಚ್ಚಿದ್ರೆ ಹಚ್ಚಿದ ಹುಡಿಯೆಲ್ಲ ಮೇಲೆಯೇ ಉಳೀತದೆ. ಸುತ್ತ ಒತ್ತಿ, ಶೇಡ್‌ನೆಟ್ ಅಡಿಯಲ್ಲೋ ಮಡಲಿನ ಚಪ್ಪರದ ಅಡಿಯಲ್ಲೋ ಇಡಿ. ಮಾರ್ಚಿಯ ಬಿಸಿಗಾಳಿಗೆ ತೊಟ್ಟೆಗಳ ಮೇಲೆ ಪ್ಲಾಸ್ಟಿಕ್ ಗೂಡು ಹಾಗೆ ಕಟ್ಟಿದ್ರೆ ಒಳ್ಳೇದು, ತೇವ ಒಳಗೇ ನಿಲ್ತದೆ. ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಇದ್ದವರಿಗೆ ಸುಲಭ, ಉಳಿದವರು ದಿನಕ್ಕೆ ಎರಡು ಮೂರು ಸಲ ಹೂ-ಝರಿಯಲ್ಲಿ ಚಿಮುಕಿಸಿ, ಕೊಡದಲ್ಲಿ ಹೊಯ್ಯಬೇಡಿ. ಎಲೆ ಕಾಂಡ ಒದ್ದೆ ಇರ್ಬೇಕು, ಮಣ್ಣು ಕೆಸರಾಗ್ಬಾರ್ದು.

ಹಂತ 5: ಕಾಯುದು

ಎರಡು ಮೂರು ವಾರದಲ್ಲಿ ಮೇಲಿನ ಗಂಟಿನಿಂದ ಚಿಗುರು ಬರ್ತದೆ, ಎಲ್ಲರೂ ಹಿಡ್ದಿದೆ ಅಂತ ಖುಷಿಯಲ್ಲಿ ನೀರು ಕಮ್ಮಿ ಮಾಡ್ತಾರೆ, ಗೊಬ್ಬರ ಹಾಕ್ತಾರೆ. ಆ ಚಿಗುರು ತುಂಡಿನಲ್ಲಿ ಕೂಡಿಟ್ಟಿದ್ದ ಆಹಾರದ್ದು, ಬೇರಿನದ್ದಲ್ಲ. ಕೆಳಗೆ ಬೇರು ಇನ್ನೂ ಮೊಗ್ಗಿನಲ್ಲೇ ಇರಬಹುದು. ಆದ್ರೆ ಆ ಚಿಗುರನ್ನ ಚಿವುಟಬೇಡಿ, ಆಕ್ಸಿನ್ ಇಳಿಯುದು ಅಲ್ಲಿಂದಲೇ. ಎಳೆದು ನೋಡುವ ಚಾಳಿಯೂ ಬಿಡಿ, ಹೊರಟ ಬೇರಿನ ತುದಿ ಎಳೆದಾಗಲೇ ಮುರಿಯುದು. ಸುಮಾರು 40ರಿಂದ 50 ದಿನದಲ್ಲಿ ತೊಟ್ಟೆಯ ತೂತಿನ ಹತ್ರ ಬಿಳಿ ಬೇರು ಕಾಣ್ತದೆ. ಬುಡದಲ್ಲಿ ಬಿಳಿ ಗಂಟುಗಂಟು ಕ್ಯಾಲಸ್ ಮಾತ್ರ ಬಂದು ನಿಂತಿದ್ರೆ ಅದು ಬೇರಲ್ಲ, ಬೇರಿಗೆ ಗ್ಯಾರಂಟಿಯೂ ಅಲ್ಲ. ಕಪ್ಪಾದ ತುಂಡನ್ನ ಪಾಪ ನೋಡದೆ ತೊಟ್ಟೆ ಸಮೇತ ತೆಗೆದು ದೂರ ಹಾಕಿ.

ತುಂಡು ಕಮ್ಮಿ ಉಂಟು, ಗಿಡ ಜಾಸ್ತಿ ಬೇಕು ಅಂದ್ರೆ

ಹಾವಿನ ನಡೆಯ ವಿಧಾನ, ಸರ್ಪೆಂಟೈನ್ ಅಂತಲೇ ಎಲ್ಲರೂ ಹೇಳುದು. ಬೇರು ಬಂದ ಒಂದು ಗಿಡವನ್ನ ಚಪ್ಪರದ ಮೂಲೆಯಲ್ಲಿ ಇಟ್ಟು, ಬಳ್ಳಿ ಬೆಳೆದ ಹಾಗೆ ಪ್ರತಿ ಗಂಟಿನ ಅಡಿಗೆ ಮಣ್ಣು ತುಂಬಿದ ಒಂದು ತೊಟ್ಟೆ ಇಡ್ತಾ ಹೋಗುದು, ಗಂಟನ್ನ ತೆಂಗಿನ ಗರಿಯ ಕಡ್ಡಿ ಮಡಚಿ ಮಣ್ಣಿಗೆ ಒತ್ತಿ ಹಿಡಿಸುದು. ಹತ್ತು ಹದಿನೈದು ಗಂಟು ಬೇರು ಹಿಡಿದ ಮೇಲೆ ಹಳೆ ಕಡೆಯಿಂದ ಹತ್ತನ್ನ ಕತ್ತರಿಸಿ ಬೇರೆ ಮಾಡುದು, ಹೀಗೆ ಒಂದು ತಾಯಿ ಗಿಡದಿಂದ ವರ್ಷಕ್ಕೆ ಸುಮಾರು 60 ಗಿಡ. ಇಲ್ಲಿ ಹುಡಿಯ ಅಗತ್ಯವೇ ಇಲ್ಲ, ಕೊಡಿ ಎದುರಲ್ಲಿ ಜೀವಂತ ಇದ್ದು ಆಕ್ಸಿನ್ ಕಳಿಸ್ತಾ ಇರ್ತದೆ, ಪ್ರತಿ ಎಲೆಯೂ ಸಕ್ಕರೆ ಕೊಡ್ತದೆ, ನೀರು ತಾಯಿ ಬೇರಿನದ್ದು. ನನಗೆ ಕೇಳಿದ್ರೆ ಮನೆಮಟ್ಟಕ್ಕೆ ಇದಕ್ಕಿಂತ ಒಳ್ಳೆ ವಿಧಾನ ಇಲ್ಲ.

ಅಂಗಳದ ಕುಂಡದಲ್ಲಿ ಬುಷ್ ಪೆಪ್ಪರ್, ಅಂದ್ರೆ ಪೊದೆ ಮೆಣಸು, ಬೇಕಾದವರು ಅಡ್ಡಗೆಲ್ಲನ್ನೇ ಬಳಸ್ಬೇಕು, ಹಬ್ಬುಬಳ್ಳಿ ಇಟ್ರೆ ಅದು ಮರ ಹುಡುಕ್ತಾ ಹೋಗ್ತದೆ. ಐಬಿಎ ನಿಜವಾಗಿ ಬೇಕಾಗುದು ಇಲ್ಲಿ. ಒಂದು ವರ್ಷ ಪ್ರಾಯದ ಗೆಲ್ಲು, 3ರಿಂದ 5 ಗಂಟು, 1000 ಪಿಪಿಎಮ್ 45 ಸೆಕೆಂಡ್, ಆಮೇಲೆ ಒದ್ದೆ ಮಾಡಿ ಹಿಂಡಿದ ತೆಂಗಿನ ನಾರಿನ ಹುಡಿ ತುಂಬಿದ ದೊಡ್ಡ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಊರಿ ಬಾಯಿ ಕಟ್ಟಿ ನೆರಳಲ್ಲಿ ತೂಗಿಸಿ. ಒಂದು ತಿಂಗಳಿಂದ ನಲುವತ್ತು ದಿನದಲ್ಲಿ ತೊಟ್ಟೆಯ ಹೊರಗಿಂದಲೇ ಬೇರು ಕಾಣ್ತದೆ, ಆಗ ಕುಂಡಕ್ಕೆ ಬದಲಿಸಿ, ಒಮ್ಮೆಲೇ ಹೊರಗೆ ಗಾಳಿಗೆ ಇಡದೆ ಕೆಲವು ದಿನ ನೆರಳಲ್ಲೇ ಅಭ್ಯಾಸ ಮಾಡಿಸಿ.

ಇದೇ ಲೆಕ್ಕ ತೋಟದ ಬೇರೆ ಗಿಡಕ್ಕೂ ಹೊಂದ್ತದೆ. ನಿಂಬೆ, ಪೇರಳೆಗೆ ಗೂಟಿ ಕಟ್ಟುವಾಗ ಸಿಪ್ಪೆ ಉಂಗುರದ ಹಾಗೆ ಸುಲಿಯುದು ಎಂತಕ್ಕೆ, ಮೇಲಿಂದ ಇಳಿಯುವ ಆಕ್ಸಿನೂ ಸಕ್ಕರೆಯೂ ಉಂಗುರದ ಮೇಲಂಚಿನಲ್ಲಿ ನಿಲ್ಲಲಿ ಅಂತ, ಹಾಗಾಗಿ ಹುಡಿ ಹಚ್ಚುದಿದ್ರೂ ಮೇಲಂಚಿಗೇ ಹಚ್ಚಿ, ಕೆಳಗಿನ ಅಂಚಿಗೆ ಹಚ್ಚಿದ್ರೆ ದಂಡ. ಅಡಿಕೆ ತೆಂಗಿಗೆ ಈ ವಿದ್ಯೆ ನಡಿಯುದಿಲ್ಲ, ಅವಕ್ಕೆ ಒಂದೇ ಕೊಡಿ, ಕತ್ತರಿಸಿದ್ರೆ ಮರವೇ ಹೋಯ್ತು.

ಜೂನಿನಲ್ಲಿ ಮಳೆ ಹಿಡಿದು ನೆಲ ಚೆನ್ನಾಗಿ ನೆನೆದ ಮೇಲೆ ಗಿಡವನ್ನ ಮರದ ಬಡಗು ಅಥವಾ ಮೂಡು-ಬಡಗು ಬದಿಯಲ್ಲಿ, ಬುಡಕ್ಕೆ ಅಂಟಿಸದೆ ಸುಮಾರು ಒಂದು ಅಡಿ ಬಿಟ್ಟು ನೆಡಿ, ನೀರು ನಿಲ್ಲುವ ಗುಂಡಿ ಬೇಡ. ತೊಟ್ಟೆ ಹರಿದು ತೆಗೀರಿ, ಹೆಂಟೆ ಒಡೀಬಾರ್ದು. ಹೊಸ ಬಳ್ಳಿ ಬೆಳೆದ ಹಾಗೆ ಗಂಟುಗಳು ಮರಕ್ಕೆ ತಾಗುವ ಹಾಗೆ ಬಾಳೆನಾರಿನಲ್ಲಿ ಕಟ್ತಾ ಬನ್ನಿ. ಹಿಡಿದುಕೊಳ್ಳುವ ಬೇರು ಆ ಗಂಟುಗಳಿಂದಲೇ ಹೊರಡುದು, ತೊಗಟೆಯ ನೆರಳೂ ತೇವವೂ ತಾಗದೆ ಗಾಳಿಯಲ್ಲಿ ನೇತಾಡಿದ ಗಂಟಿನಲ್ಲಿ ಅದು ಒಣಗಿ ಹೋಗ್ತದೆ.